ಕೀಲಿ ತರಲು ಫಿನ್‌ಲ್ಯಾಂಡಿಗೆ

ಹೊಳೆಆಲೂರು ಸ್ಟೇಷನ್ನು

ಮುಂಬಯಿ ಗಾಡಿ ಒಂದೂವರೆ ತಾಸು ತಡ ಎಂದು ಗೊತ್ತಾಯಿತು. ಸರಿ, ನನ್ನನ್ನು ಕಳಿಸಲು ಬಂದ ಮಂದಿಯೆಲ್ಲ ಕಟ್ಟೆಯ ಮೇಲೆ ಪಟ್ಟಾಗಿ ಕುಳಿತು ಬುದ್ಧಿ ಹೇಳತೊಡಗಿದರು. ಅವರಲ್ಲಿ ಒಬ್ಬರೂ ವಿಮಾನ ಹತ್ತಿದವರಲ್ಲ. ಆದರೂ ಕಿವಿಗೆ ಅರಳೆ ಇಟ್ಟುಕೊಳ್ಳಬೇಕಂತೆ, ಕೊಟ್ಟದ್ದನ್ನೆಲ್ಲ ತಿನ್ನಬಾರದಂತೆ, ಪಾಸ್‌ಪೋರ್ಟನ್ನು ಮೈಮೇಲಿಂದ ಇಳಿಸಲೇಬಾರದಂತೆ. ನನ್ನ ಯಜಮಾನರಿಗೆ ಬೇರೆಯದೇ ಚಿಂತೆ.

"ಅಲ್ಲಿ ಮಂದಿ ಮಾತಾಡೂದ ಕಮ್ಮಿ ಅಂತ. ನೀ ಹ್ಯಾಂಗ ಒಂಬತ್ತ ದಿನಾ ಜೀವಾ ಹಿಡಕೊಂಡ್ ಇರ್ತಿ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾನು ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವಳು. ಊರಿನ ಹೆಸರು ಹೇಳುವುದಿಲ್ಲ. ಯಾಕೆ ಎನ್ನುವುದು ಈಗಲೇ ತಿಳಿಯುತ್ತದೆ. ಹಳ್ಳಿ ಲೈಬ್ರರಿಯವರನ್ನು ಆರಿಸಿ ಫಿನ್‌ಲ್ಯಾಂಡಿನ ಲೈಬ್ರರಿಗಳನ್ನು ನೋಡಲು ಕಳಿಸುವ ಒಂದು ಸಂಸ್ಥೆಗೆ ಅರ್ಜಿ ಹಾಕಿದ್ದೆ. ಹಾಕಿ ಮರೆತೂ ಬಿಟ್ಟಿದ್ದೆ. ಆಯ್ಕೆಯಾದ ಪತ್ರ ಬಂದದ್ದು, ನಮ್ಮ ಲೈಬ್ರರಿಯ ಕಂಪ್ಯೂಟರುಗಳನ್ನು ಕಪಾಟಿನಲ್ಲಿಟ್ಟು ಬೀಗ ಜಡಿದ ವಾರದಲ್ಲೇ.

ಊರಿಗೆ ಗೊತ್ತಿರುವ ಕಥೆ ಇಷ್ಟು. ನಮ್ಮ ಲೈಬ್ರರಿ ಅಂದರೆ ಒಂದೇ ದೊಡ್ಡ ಕೋಣೆ. ನಡುವೆ ಪೇಪರಿನ ಮೇಜು, ಅದರ ಸುತ್ತ ಊರ ಗಂಡಸರು. ಎರಡು ಕಂಪ್ಯೂಟರು ಬಂದಾಗ ಹುಡುಗಿಯರು ಅವುಗಳ ಮುಂದೆ ಕೂರಲು ಮುದುಡಿದರು. ಗಂಡಸರು ಪೇಪರಿನ ಮೇಲಿಂದ ಇವರನ್ನೇ ನೋಡುತ್ತಿದ್ದರು. ನಾನು ಒಂದು ಮೂಲೆಗೆ ನನ್ನ ಹಳೆಯ ಗಜೇಂದ್ರಗಡದ ಮಗ್ಗದ ಸೀರೆಯನ್ನು ಪರದೆ ಕಟ್ಟಿ ಹೆಣ್ಣುಮಕ್ಕಳ ಜಾಗ ಮಾಡಿಕೊಟ್ಟೆ. ಹುಡುಗಿಯರು ಬರತೊಡಗಿದರು. ಏನು ಹೆಮ್ಮೆ ಆಗ ನನಗೆ!

ಅವರಲ್ಲಿ ಒಬ್ಬಳು ಗಂಗಾ. ಹೆಸರು ಬದಲಿಸಿದ್ದೇನೆ. ಶಾಲೆಯಲ್ಲಿ ಏಳನೆಯ ಇಯತ್ತೆ. ಅಪ್ಪ, ಅವ್ವ ದುಡಿಯಲು ಗೋವಾಕ್ಕೆ ಹೋಗಿದ್ದಾರೆ, ಇವಳು ಅಜ್ಜಿ ನೀಲಮ್ಮನ ಹತ್ತಿರ. ಚಿತ್ರ ಬಿಡಿಸಲು ಕುಳಿತರೆ ಲೋಕವೇ ಬೇಡ. ಮಕ್ಕಳು ಚಿತ್ರ ಹಾಕಿ ತೋರಿಸುವ ಯಾವುದೋ ಇಂಟರ್ನೆಟ್ ಜಾಗದಲ್ಲಿ ಇವಳಿಗೆ ಒಬ್ಬ ಗೆಳತಿ ಸಿಕ್ಕಳು. ಗೆಳತಿ ಎಂದು ಹೇಳಿಕೊಂಡವನು, ಅಷ್ಟೇ. ಸಾಲಿ ಡ್ರೆಸ್ಸಿನಲ್ಲಿರುವ ಫೋಟೋ ಕಳಿಸು ಎಂದ, ಇವಳು ಕಳಿಸಿದಳು. ಆಮೇಲೆ ಹೊಲಸು ಚಿತ್ರಗಳು ಬಂದವು, ಅದರ ಹಿಂದೆ ಬೆದರಿಕೆ. ನನ್ನ ಪರದೆಯ ಹಿಂದೆ ಆ ಕೂಸು ಮೂರು ವಾರ ಅದನ್ನು ಒಬ್ಬಳೇ ನುಂಗಿಕೊಂಡಿತು. ಊಟ ಬಿಟ್ಟಾಗ ಅಜ್ಜಿಗೆ ಗೊತ್ತಾಯಿತು. ಗದಗಿಗೆ ಹೋಗಿ ಪೊಲೀಸರಿಗೆ ದೂರು ಕೊಟ್ಟೆವು, ಅವನ ಖಾತೆ ಬಂದ್ ಆಯಿತು. ಊರಿನ ಬಾಯಿ ಮಾತ್ರ ಬಂದ್ ಆಗಲಿಲ್ಲ. ನೀಲಮ್ಮ ಮೊಮ್ಮಗಳನ್ನು ಲೈಬ್ರರಿಯಿಂದ ಬಿಡಿಸಿದಳು. ಇನ್ನು ಮುಂದೆ ಲೈಬ್ರರಿಗೆ ಹೆಣ್ಣುಮಕ್ಕಳೇ ಬರಬಾರದು ಎಂದು ಪಂಚಾಯಿತಿಯಲ್ಲಿ ಠರಾವು ಬರೆಯಲು ಕುಳಿತರು.

ಅದನ್ನು ತಡೆದವರು ಅಧ್ಯಕ್ಷ ಶಂಕರಗೌಡರು. ಈಗ ಸ್ಟೇಷನ್ನಿಗೂ ಬಂದಿದ್ದರು. ಗಾಡಿಯ ಸಿಳ್ಳೆ ಕೇಳಿದಾಗ ಹತ್ತಿರ ಬಂದು ಹೇಳಿದರು:

"ಅಕ್ಕಾರ, ಅಲ್ಲಿ ಏನ್ ನೋಡ್ತೀರೋ ಬಿಡ್ತೀರೋ, ಕಂಪ್ಯೂಟರಿಗಿ ಹಾಕೂ ಒಂದ್ ಚಲೋ ಕೀಲಿ ತಗೊಂಡ್ ಬರ್ರಿ. ನೀವ್ ಬರೂತನಾ ಠರಾವ್ ತಡದ್ ಹಿಡೀತೀನಿ. ಕೀಲಿ ಸಿಗಲಿಲ್ಲಂದ್ರ ನನ್ ಕೈಯಾಗ ಏನೂ ಇಲ್ಲ ನೋಡ್ರಿ."

ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುತ್ತಾರೆ. ಹೊಲಸನ್ನು ಒಳಗೆ ಬಿಡದ ಬೀಗ ಆ ದೇಶದಲ್ಲಿ ಇದ್ದೇ ಇರುತ್ತದೆ ಎಂದು ಊರೆಲ್ಲ ನಂಬಿತ್ತು, ನಾನೂ ನಂಬಿದ್ದೆ. ಗಂಗಾ ಮತ್ತೆ ಲೈಬ್ರರಿಯ ಹೊಸ್ತಿಲು ದಾಟಬೇಕು, ನನಗೆ ಬೇಕಾದದ್ದು ಅಷ್ಟೇ. "ತರ್ತೀನ್ರಿ" ಎಂದು ಹೇಳಿ ಗಾಡಿ ಹತ್ತಿದೆ.

ಮುಂಬಯಿ: ರೊಟ್ಟಿಯ ಪಂಚನಾಮೆ

ವಿಮಾನ ನಿಲ್ದಾಣದ ತಪಾಸಣೆಯವರು ನನ್ನ ಚೀಲವನ್ನು ಮೆಷೀನಿನಲ್ಲಿ ಮೂರು ಸಲ ಓಡಿಸಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ಒಂದರ ಮೇಲೊಂದು ಪೇರಿಸಿದ್ದ ದುಂಡನೆಯ ಬಿಲ್ಲೆಗಳು ಏನು ಎಂದು ಅವರಿಗೆ ಅರ್ಥವಾಗಿರಲಿಲ್ಲ. ಬಿಚ್ಚಿ ತೋರಿಸಿದೆ. ಇಪ್ಪತ್ತು ಖಡಕ್ ಸಜ್ಜಿ ರೊಟ್ಟಿ. ಅಧಿಕಾರಿ ಒಂದನ್ನು ಎತ್ತಿ ಬೆರಳಿನಿಂದ ಬಡಿದು ನೋಡಿದ. ಟಣ್ ಎಂದಿತು. ಇನ್ನೊಬ್ಬನನ್ನು ಕರೆದ, ಅವನೂ ಬಡಿದ.

"ತಿನ್ನೂದ್ರಿ ಅದು!" ಎಂದೆ. ಕನ್ನಡ ಅವರಿಗೆ ತಿಳಿಯಲಿಲ್ಲ. ಕೊನೆಗೆ ನಾನೇ ಒಂದು ತುಣುಕು ಮುರಿದು, ಶೇಂಗಾ ಚಟ್ನಿ ಹಚ್ಚಿ, ಅಲ್ಲೇ ಸಾಲಿನ ಮುಂದೆ ನಿಂತು ತಿಂದು ತೋರಿಸಿದೆ. ಕರಮ್ ಕರಮ್ ಸದ್ದಿಗೆ ಹಿಂದಿನವರೆಲ್ಲ ನೋಡಿದರು. ಪಂಚನಾಮೆ ಮುಗಿಯಿತು, ಬಿಟ್ಟರು. ನನ್ನ ಜೊತೆಗಿದ್ದ ಬೇರೆ ರಾಜ್ಯಗಳ ಲೈಬ್ರರಿಯವರು ಆಗಲೇ ಒಳಗೆ ಹೋಗಿ ನನಗಾಗಿ ಗಾಬರಿಯಾಗಿ ನಿಂತಿದ್ದರು.

ಮೊದಲ ದಿನ: ಬಸ್ ಸ್ಟಾಪು

ನಮ್ಮನ್ನು ಇಳಿಸಿದ್ದು ಕೆರೆಯ ದಂಡೆಯ ಒಂದು ಚಿಕ್ಕ ಪಟ್ಟಣದಲ್ಲಿ. ಮೇ ತಿಂಗಳ ಕೊನೆ. ಮನೆಯಲ್ಲಿ ಬಿಸಿಲಿಗೆ ಬೆಂದು ಹೋದವಳು ಇಲ್ಲಿ ಎರಡು ಸ್ವೆಟರಿನ ಮೇಲೆ ಶಾಲು ಹೊದ್ದು ನಿಂತಿದ್ದೆ. ಅಲ್ಲಿಯವರು ಮಾತ್ರ ತೋಳಿಲ್ಲದ ಅಂಗಿ ಹಾಕಿಕೊಂಡು ಬೇಸಿಗೆ ಬಂತೆಂದು ಐಸ್‌ಕ್ರೀಮು ತಿನ್ನುತ್ತಿದ್ದರು.

ಬಸ್ ಸ್ಟಾಪಿನಲ್ಲಿ ಐದು ಜನ ಇದ್ದರು. ಒಬ್ಬರಿಂದ ಒಬ್ಬರಿಗೆ ಎರಡೆರಡು ಮಾರು ದೂರ. ಇವರೊಳಗೆ ಏನೋ ಜಗಳವಾಗಿದೆ ಎಂದುಕೊಂಡೆ. ನಾನು ಹೋಗಿ ಒಬ್ಬ ಅಜ್ಜಿಯ ಪಕ್ಕ ನಿಂತೆ. ಆಕೆ ಮೆಲ್ಲಗೆ ಒಂದು ಹೆಜ್ಜೆ ಸರಿದಳು. ಬಿಸಿಲು ಬೇಕಾಗಿರಬೇಕು ಎಂದು ನಾನೂ ಒಂದು ಹೆಜ್ಜೆ ಸರಿದೆ. ಹೀಗೇ ಸರಿಯುತ್ತ ಸರಿಯುತ್ತ ಇಬ್ಬರೂ ಸ್ಟಾಪಿನಿಂದ ಹೊರಗೆ ಬಂದುಬಿಟ್ಟೆವು. ರೋಣದ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವ ನಮಗೆ ಇದೆಲ್ಲ ಹೊಳೆಯುವುದಾದರೂ ಹೇಗೆ! ಬಸ್ಸಿನಲ್ಲಂತೂ ಉಸಿರಿನ ಸದ್ದು ಕೂಡ ಕೇಳಿಸುತ್ತಿತ್ತು. ಯಜಮಾನರ ಮಾತು ನೆನಪಾಗಿ ನನ್ನಷ್ಟಕ್ಕೆ ನಕ್ಕೆ. ಆಗ ಮಾತ್ರ ಎಲ್ಲರೂ ತಿರುಗಿ ನೋಡಿದರು.

ಊಟದಲ್ಲಿ ಆಶ್ಚರ್ಯ ಕಾದಿತ್ತು. ಅವರದೂ ಒಂದು ಖಡಕ್ ರೊಟ್ಟಿ ಇದೆ, ರೈ ಎಂಬ ಧಾನ್ಯದ್ದು, ನಮ್ಮದಕ್ಕಿಂತ ತುಸು ದಪ್ಪ. ಜೊತೆಗೆ ಕುಡಿಯಲು ಮಜ್ಜಿಗೆ. ಹಲ್ಲಿಗೆ ಕೆಲಸ ಕೊಡುವ ಮಂದಿ ಎಲ್ಲಿದ್ದರೂ ಒಂದೇ ಅನಿಸಿ ಜೀವಕ್ಕೆ ಸಮಾಧಾನವಾಯಿತು.

ಎರಡನೆಯ ದಿನ: ಕಾಲುಂಗುರ

ಲೈಬ್ರರಿಗೆ ಅವರು ಕಿರ್ಯಾಸ್ತೊ ಎನ್ನುತ್ತಾರೆ. ಅಲ್ಲಿ ನಮ್ಮನ್ನು ಬರಮಾಡಿಕೊಂಡವಳು ಹೆಲೇನಾ. ಮಕ್ಕಳ ವಿಭಾಗ ನೋಡಿಕೊಳ್ಳುವವಳು, ಹೆಚ್ಚು ಕಡಿಮೆ ನನ್ನದೇ ವಯಸ್ಸು. ಕೂದಲು ಪೂರ್ತಿ ಬೆಳ್ಳಗೆ, ಬಣ್ಣ ಹಚ್ಚುವ ಗೊಡವೆಯೇ ಇಲ್ಲ. ಅವಳದು ಅಳೆದು ತೂಗಿ ಆಡುವ ಇಂಗ್ಲಿಷು, ನನ್ನದು ಹರಕು ಮುರುಕು. ಎರಡೂ ಹೊಂದಿಕೊಂಡವು.

ಮಕ್ಕಳ ವಿಭಾಗದ ಬಾಗಿಲಲ್ಲಿ ಬೂಟು ಬಿಚ್ಚಬೇಕು ಎಂದಳು. ನನಗೆ ಕುಣಿಯುವಷ್ಟು ಖುಷಿ! ನಮ್ಮಲ್ಲಿಯೂ ಹಾಗೇ, ಚಪ್ಪಲಿ ಹೊರಗೆ ಎಂದು ಹೇಳುತ್ತಲೇ ಬೂಟು ಕಳಚಿದೆ. ಕಾಲುಚೀಲ ನೋಡಿದರೆ ಎರಡೂ ಕಡೆ ತೂತು. ಮೂರು ದಿನದಿಂದ ನನ್ನ ಕಾಲುಂಗುರ ಅದನ್ನು ಒಳಗಿನಿಂದ ಅರೆದು ಅರೆದು ಹೊರಗೆ ಇಣುಕಿತ್ತು. ನೆಲದ ಮೇಲೆ ಕುಳಿತಿದ್ದ ಒಂದು ಪುಟ್ಟ ಹುಡುಗಿ ತೆವಳಿ ಬಂದು ನನ್ನ ಕಾಲ ಬೆರಳನ್ನೇ ನೋಡಿ ಏನೋ ಕೇಳಿದಳು. ಉಂಗುರ ಕೈಯಿಂದ ಕಾಲಿಗೆ ಯಾಕೆ ಬಿತ್ತು ಎಂದು ಕೇಳುತ್ತಿದ್ದಾಳೆ ಎಂದು ಹೆಲೇನಾ ಹೇಳಿದಳು. ನಾನು ಕುಳಿತು, ಮದುವೆಯ ಕಥೆಯೆಲ್ಲ ಹೇಳಿದೆ. ಯಾವ ಭಾಷೆಯಲ್ಲಿ ಹೇಳಿದೆನೋ ನನಗೇ ಗೊತ್ತಿಲ್ಲ. ಆ ಮಗು ಪೂರ್ತಿ ಕೇಳಿತು.

ಮಕ್ಕಳ ಕಂಪ್ಯೂಟರುಗಳು ಎಲ್ಲಿ ಎಂದು ಕಣ್ಣಲ್ಲೇ ಹುಡುಕುತ್ತಿದ್ದೆ. ಮೂಲೆಯಲ್ಲಿ ಇರಲಿಲ್ಲ. ಕೋಣೆಯ ನಟ್ಟನಡುವೆ ಒಂದು ದುಂಡು ಮೇಜು, ಅದರ ಮೇಲೆ ನಾಲ್ಕು. ಪಕ್ಕದಲ್ಲೇ ಹೆಲೇನಾಳ ಕುರ್ಚಿ. ಪರದೆ ಇಲ್ಲ, ಮರೆ ಇಲ್ಲ. ನನ್ನ ಗಜೇಂದ್ರಗಡದ ಸೀರೆ ನೆನಪಾಯಿತು.

ಮೂರನೆಯ ದಿನ: ಎರಡು ಸುಳ್ಳು

ಬೆಳಿಗ್ಗೆ ಹೋದವಳೇ ನೇರ ಕೇಳಿದೆ. "ನಿಮ್ಮ ಕೀಲಿ ತೋರಿಸು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮಕ್ಕಳ ಕಂಪ್ಯೂಟರಿನಲ್ಲಿ ಕೆಟ್ಟ ಪುಟಗಳನ್ನು ತಡೆಯುವ ಫಿಲ್ಟರನ್ನು ತೋರಿಸಿದಳು. ಅವರ ಭಾಷೆಯ ಒಂದು ಬೈಗುಳ ಟೈಪು ಹೊಡೆದಳು. ತಡೆಯಿತು. ಇಂಗ್ಲಿಷಿನದೊಂದು ಹೊಡೆದಳು, ಅದನ್ನೂ ತಡೆಯಿತು. ಸಿಕ್ಕಿತಲ್ಲ ಕೀಲಿ ಎಂದು ನನಗೆ ಹಿಗ್ಗು.

"ನಾನೊಮ್ಮೆ ನೋಡಲೇ?" ಎಂದು ಕೇಳಿ ಕುಳಿತೆ. ನಾನು ಲೈಬ್ರರಿಯವಳು, ಮರ್ಯಾದಸ್ಥರ ಮನೆಯ ಸೊಸೆ. ಆದರೆ ರೋಣದ ಬಸ್‌ಸ್ಟ್ಯಾಂಡಿನಲ್ಲಿ ಹದಿನೈದು ವರ್ಷ ಬಸ್ಸಿಗೆ ಕಾದವಳು. ಅಲ್ಲಿ ಕಿವಿಗೆ ಬಿದ್ದದ್ದರಲ್ಲಿ ಮೂರನ್ನು ಆರಿಸಿ ಕನ್ನಡದಲ್ಲೇ ಹೊಡೆದೆ. ಮೂರೂ ಧಾರಾಳವಾಗಿ ತೆರೆದುಕೊಂಡವು. ಕೀಲಿಗೆ ಕನ್ನಡ ಬರುತ್ತಿರಲಿಲ್ಲ! ಬಂದ ಪುಟಗಳನ್ನು ಗಡಬಡಿಸಿ ಮುಚ್ಚಿದೆ.

"ಏನು ಹುಡುಕಿದೆ?" ಎಂದು ಕೇಳಿದಳು ಹೆಲೇನಾ.

"ನಮ್ಮ ಕಡೆಯ ಕಾಯಿಪಲ್ಲೆ" ಎಂದೆ.

ಅವಳು ಗಂಭೀರವಾಗಿ ತಲೆಯಾಡಿಸಿ, ಒಂದರ ಹೆಸರನ್ನು ನನ್ನ ಬಾಯಿಂದ ಹೇಳಿಸಿಕೊಂಡು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ನನ್ನ ಮುಖ ಕೆಂಪೇರಿತ್ತು.

ಆಮೇಲೆ ಕಾಫಿ, ಏಲಕ್ಕಿ ಹಾಕಿದ ಬನ್ನು. ನಾನು ಯಾಕೆ ಕೀಲಿಯ ಹಿಂದೆ ಬಿದ್ದಿದ್ದೇನೆ ಎಂದು ಅವಳು ಕೇಳಿದಳು. ಗಂಗಾಳ ಕಥೆ ಹೇಳಿದೆ, ಊರಿಗೆ ಗೊತ್ತಿರುವಷ್ಟನ್ನು. ಅವಳು ನಡುವೆ ಒಂದು ಮಾತೂ ಆಡಲಿಲ್ಲ. ನಾನು ಸಕ್ಕರೆ ಕದಡಿದೆ, ಕಿಟಕಿ ನೋಡಿದೆ. ಅಂತೂ ಒಂದು ಪ್ರಶ್ನೆ ಕೇಳಿದಳು.

"ಆ ಹುಡುಗಿ ಮೊದಲು ಯಾರಿಗೆ ಹೇಳಿದಳು?"

"ಯಾರಿಗೂ ಇಲ್ಲ" ಎಂದೆ.

ಆ ದಿನ ಉಳಿದದ್ದೇನೂ ನೆನಪಿಲ್ಲ. ಅವರು ಕೆರೆ ತೋರಿಸಿದರು, ಹಳೆಯ ಮರದ ಚರ್ಚು ತೋರಿಸಿದರು. ನನಗೆ ಆ ಪ್ರಶ್ನೆಯೇ ಕಿವಿಯಲ್ಲಿ ಕೂತಿತ್ತು. ಅಲ್ಲಿ ಊಟ ಮುಗಿದರೂ ಹೊತ್ತು ಮುಳುಗುವುದಿಲ್ಲ. ಮುಳುಗಿದ್ದರೆ ಮುಸುಕು ಹೊದ್ದು ಮಲಗಿಬಿಡುತ್ತಿದ್ದೆ.

ನಾಲ್ಕನೆಯ ದಿನ: ಕೀತೊಸ್

ಲೈಬ್ರರಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಹೆಲೇನಾ ಸೈಕಲ್ ನಿಲ್ಲಿಸುತ್ತಿದ್ದಳು.

"ನಿನ್ನೆ ನಿನಗೆ ಎರಡು ಸುಳ್ಳು ಹೇಳಿದ್ದೇನೆ" ಎಂದೆ. "ಒಂದು, ಅದು ಕಾಯಿಪಲ್ಲೆ ಅಲ್ಲ."

ಆಮೇಲೆ ಎರಡನೆಯದನ್ನು ಹೇಳಿದೆ. ಈಗ ನಿಮಗೂ ಹೇಳುತ್ತಿದ್ದೇನೆ.

ಅವತ್ತು ಸಂತೆಯ ದಿನ. ಪೇಪರಿನ ಮೇಜಿನ ಸುತ್ತ ಐದಾರು ಗಂಡಸರಿದ್ದರು. ಗಂಗಾ ಪರದೆ ಸರಿಸಿ ಬಂದು, ನನ್ನ ಕುರ್ಚಿಯ ಹತ್ತಿರ ನಿಂತು, "ಅಕ್ಕಾರ, ಏನೋ ಹೊಲಸ್ ಬಂದೈತ್ರಿ" ಎಂದಳು. ಮೆಲ್ಲಗೇ ಹೇಳಿದಳು, ಆದರೂ ಗಂಡಸರು ತಲೆ ಎತ್ತಿದರು. ನನಗೆ ಎಲ್ಲಿಲ್ಲದ ನಾಚಿಕೆ ನುಗ್ಗಿ ಬಂತು. "ಅಂಥಾದ್ದ್ ಯಾಕ್ ನೋಡಾಕ ಹೋದಿ? ಬಂದ್ ಮಾಡಿ ಸುಮ್ನ ಮನಿಗಿ ನಡಿ!" ಎಂದು ಗದರಿಸಿದೆ. ಅವಳು ಚೀಲ ಎತ್ತಿಕೊಂಡು ಹೋದಳು. ಮರುದಿನ ಬಂದಳು, ನಾನು ಆ ಮಾತೇ ಎತ್ತಲಿಲ್ಲ. ಮೂರು ವಾರಗಳ ಸಂಕಟ ಶುರುವಾದದ್ದು ಅಲ್ಲಿಂದಲೇ. ಅವಳು ಹೇಳಿದ್ದಳು. ಮೊದಲ ದಿನವೇ, ನನಗೇ ಹೇಳಿದ್ದಳು. ಆಮೇಲೆ ಯಾರಿಗೂ ಹೇಳಲಿಲ್ಲ, ಯಾಕೆ ಹೇಳುತ್ತಾಳೆ? ಎಲ್ಲ ಬಯಲಾದ ಮೇಲೆ ನೀಲಮ್ಮ ನನ್ನ ಮುಂದೆ ಬಂದು, "ನಿಮಗೇನಾರ ಹೇಳಿದ್ಲ್ಯಾ ಅಕ್ಕಾರ?" ಎಂದು ಕೇಳಿದಳು. ನಾನು ತಲೆ ತಗ್ಗಿಸಿ ಸುಮ್ಮನಿದ್ದೆ. ಇಲ್ಲ ಎಂದು ಅವಳು ತಿಳಿದುಕೊಂಡಳು, ನಾನು ತಿಳಿಯಗೊಟ್ಟೆ.

ಹೇಳಿ ಮುಗಿಸಿದೆ. ಬಯ್ಯುತ್ತಾಳೆ, ಇಲ್ಲವೇ ಸಮಾಧಾನ ಮಾಡುತ್ತಾಳೆ ಎಂದು ಕಾದೆ. ಹೆಲೇನಾ ಸೈಕಲ್ಲಿನ ಹಿಡಿಕೆ ಹಿಡಿದುಕೊಂಡೇ ನನ್ನನ್ನು ನೋಡಿ ಅವರ ಭಾಷೆಯಲ್ಲಿ ಹೇಳಿದಳು:

"ಕೀತೊಸ್, ಎತ್ತಾ ಕೆರ್ರೊಯಿತ್."

ಹೇಳಿದ್ದಕ್ಕೆ ಥ್ಯಾಂಕ್ಸ್, ಎಂದು ಅದರ ಅರ್ಥ. ಇಷ್ಟೇ. ಆದರೆ ನನಗೆ ಅಳು ಒತ್ತರಿಸಿ ಬಂತು. ಪರದೇಶದ ರಸ್ತೆಯ ಮೇಲೆ, ಶಾಲಿನ ತುದಿ ಬಾಯಿಗೆ ಒತ್ತಿಕೊಂಡು ಅತ್ತೆ. ನಾಲ್ಕು ತಿಂಗಳಿಂದ ಎದೆಯ ಮೇಲಿದ್ದ ಭಾರ ತುಸು ಇಳಿದ ಹಾಗಾಯಿತು. ಒಬ್ಬ ಮುದುಕ ನಾಯಿ ಹಿಡಿದುಕೊಂಡು ಹೋಗುತ್ತಿದ್ದವನು ನಮಗೆ ತೊಂದರೆಯಾಗಬಾರದೆಂದು ರಸ್ತೆಯ ಆಚೆ ಬದಿಗೆ ದಾಟಿಕೊಂಡ.

ಒಳಗೆ ಹೋಗಿ ಕುಳಿತ ಮೇಲೆ ಹೆಲೇನಾ ವಿವರಿಸಿದಳು. ಅದು ಅವಳು ನನಗಾಗಿ ಹುಡುಕಿದ ಮಾತಲ್ಲ. ಆ ಲೈಬ್ರರಿಯ ರೂಢಿ. ಯಾವುದೇ ಮಗು ಬಂದು ಕಂಪ್ಯೂಟರಿನಲ್ಲಿ ಕೆಟ್ಟದ್ದು ಬಂತು ಎಂದರೆ, ಕುರ್ಚಿಯಿಂದ ಏಳುವ ಮೊದಲೇ ಆ ಮಾತು ಹೇಳಬೇಕು. ನೆಲ ಒರೆಸಲು ಬರುವವಳಿಗೂ ಕಲಿಸಿದ್ದಾರೆ. ಯಾಕೆ ನೋಡಿದೆ ಎಂದು ಕೇಳುವಂತಿಲ್ಲ. ಆಮೇಲೆ ಮಗುವಿನ ಜೊತೆಗೇ ಹೋಗಿ ನೋಡಿ, ಬರೆದುಕೊಂಡು, ಮಗುವಿಗೆ ಹೇಳಿಯೇ ಮನೆಯವರಿಗೆ ತಿಳಿಸಬೇಕು.

"ಹಾಗಾದರೆ ಕೀಲಿ ಬೇಡವೇ?" ಎಂದೆ.

"ಬೇಕು. ನಮ್ಮಲ್ಲಿಯೂ ಇದೆಯಲ್ಲ. ಆದರೆ ಅದು ಸೋತ ದಿನ ಮಗು ಎಲ್ಲಿಗೆ ಓಡಿ ಬರಬೇಕು?" ಎಂದಳು. ಆಮೇಲೆ ತನ್ನ ಪುಸ್ತಕ ತೆಗೆದು ಕೇಳಿದಳು, "ಈಗ ಹೇಳು, ಈ ಕಾಯಿಪಲ್ಲೆಯ ಅರ್ಥ ಏನು?"

ಹೇಳಿದೆ. ಆ ಮೌನಗೌರಿ ಮೇಜು ಬಡಿದು ಬಡಿದು ನಕ್ಕಳು. ಆ ಹಾಳೆಯನ್ನು ಹರಿದು ಎಸೆಯಲಿಲ್ಲ; ಇದನ್ನು ಫಿಲ್ಟರಿನವರಿಗೆ ಕಳಿಸುತ್ತೇನೆ ಎಂದಳು. ಹೊರಡುವ ದಿನ ಉಳಿದ ರೊಟ್ಟಿ, ಚಟ್ನಿಯನ್ನೆಲ್ಲ ಅವಳಿಗೇ ಕೊಟ್ಟು ಬಂದೆ.

ನರಗುಂದದ ಬಸ್ಸು

ಬರುವಾಗ ಮುಂಬಯಿಯಿಂದ ಹುಬ್ಬಳ್ಳಿಗೆ, ಅಲ್ಲಿಂದ ಬಸ್ಸು. ನರಗುಂದದಲ್ಲಿ ಒಬ್ಬ ಹೆಣ್ಣುಮಗಳು ಹತ್ತಿ ನನ್ನ ಸೀಟಿನಲ್ಲಿ ಇಬ್ಬರ ನಡುವೆ ತೂರಿಕೊಂಡು ಕುಳಿತಳು. ಅವಳ ಮೊಣಕೈ ನನ್ನ ಪಕ್ಕೆಗೆ, ಅವಳ ಬುಟ್ಟಿ ನನ್ನ ಕಾಲಮೇಲೆ. ಊರಿಗೆ ಬಂದೆ ಎನ್ನುವುದು ಆಗ ಖಾತ್ರಿಯಾಯಿತು.

ನನ್ನನ್ನು ಬೇರೆಯದೇ ಚಿಂತೆ ಕಾಡುತ್ತಿತ್ತು. ಹೆಲೇನಾಳ ಮಾತನ್ನು ನಮ್ಮ ಭಾಷೆಯಲ್ಲಿ ಹೇಗೆ ಹೇಳುವುದು? ಧನ್ಯವಾದ ಎನ್ನುವುದು ನಮ್ಮಲ್ಲಿ ಮೈಕಿನ ಮುಂದೆ ಮಾತ್ರ. ಹನ್ನೆರಡು ವರ್ಷದ ಹುಡುಗಿಗೆ ಧನ್ಯವಾದ ಎಂದರೆ ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾಳೆ. ಥ್ಯಾಂಕ್ಸ್ ಎಂದರೆ ಪೆನ್ನು ಕೊಟ್ಟಾಗ ಹೇಳುವ ಮಾತು. ಉಪಕಾರ ಆತು ಎಂದರೆ ತೀರ ಭಾರ. ಶಾಬಾಸ್ ಎನ್ನೋಣವೆಂದರೆ ಓಟದಲ್ಲಿ ಗೆದ್ದಳೇ ಅವಳು? ಕೊನೆಗೆ ಪಕ್ಕದವಳನ್ನೇ ಕೇಳಿದೆ.

"ಅಕ್ಕಾ, ನಿಮ್ಮ ಮಗಳು ಬಂದು, ಹಿಂಗಿಂಗ ಏನೋ ಕೆಟ್ಟದ್ದ್ ಆತು ಅಂತ ಹೇಳಿದ್ರ, ನೀವ್ ಮದಲ ಏನಂತೀರಿ?"

"ಏನಂತೀನ್ರಿ? ಮದಲ ಎರಡ್ ಬಾರಿಸ್ತೀನಿ. ಆಮ್ಯಾಲ ಏನಾತ್ ಅಂತ ಕೇಳ್ತೀನಿ!"

ಹಿಂದಿನ ಸೀಟಿನವರೂ ಮುಂದಿನವರೂ ನಕ್ಕರು. ನನಗೂ ನಗು ಬಂತು. ನಕ್ಕ ಮೇಲೆ ಸಿಟ್ಟು ಬಂತು, ಅವಳ ಮೇಲಲ್ಲ, ನನ್ನ ಮೇಲೆ. ನಾನು ಕೈ ಎತ್ತಿರಲಿಲ್ಲ, ಮಾತಿನಲ್ಲೇ ಬಾರಿಸಿದ್ದೆ. ರೋಣ ಬರುವುದರೊಳಗೆ ಒಂದು ಗಟ್ಟಿ ಮಾಡಿಕೊಂಡೆ. ಮಾತು ಸಿಗಲಿ ಬಿಡಲಿ, ಸಭೆಯಲ್ಲಿ ಎಲ್ಲವನ್ನೂ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ.

ನಮ್ಮೂರು

ಸಭೆ ಸೇರಿದ್ದು ಲೈಬ್ರರಿಯಲ್ಲೇ. ಪಂಚಾಯಿತಿ ಸದಸ್ಯರೆಲ್ಲ ಪೇಪರಿನ ಮೇಜಿನ ಸುತ್ತ, ಉಳಿದವರು ಗೋಡೆಗೆ ಒರಗಿ. ನೀಲಮ್ಮ ಬಾಗಿಲ ಬಳಿ ಕುಳಿತಿದ್ದಳು. ಗಂಗಾ ಬಂದಿರಲಿಲ್ಲ. ಮೂಲೆಯಲ್ಲಿ ನನ್ನ ಪರದೆ ಹಾಗೇ ತೂಗುತ್ತಿತ್ತು.

"ಕೀಲಿ ತಂದ್ರ್ಯಾ ಅಕ್ಕಾರ?" ಎಂದರು ಶಂಕರಗೌಡರು.

"ಕೀಲಿ ಐತ್ರಿ, ಆದ್ರ ಅದಕ್ಕ ಕನ್ನಡ ಬರೂದಿಲ್ಲ."

ನಕ್ಕರು. ನಾನು ನಗಲಿಲ್ಲ. ಎದ್ದು ನಿಂತು, ಹೆಲೇನಾಳಿಗೆ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಸಂತೆಯ ದಿನ, ಗಂಗಾ ಬಂದು ಹೇಳಿದ್ದು, ನಾನು ಗದರಿಸಿದ್ದು, ನೀಲಮ್ಮ ಕೇಳಿದಾಗ ಬಾಯ್ಬಿಡದೆ ಇದ್ದದ್ದು. ಹೇಳುವಷ್ಟು ಹೊತ್ತೂ ಮೇಜಿನ ಅಂಚು ಹಿಡಿದುಕೊಂಡಿದ್ದೆ.

"ಹಂಗಾರ ತಪ್ಪ ನಿಮ್ದ ಆತಲ್ರಿ" ಎಂದರು ಒಬ್ಬ ಸದಸ್ಯರು.

"ಹೌದ್ರಿ, ನಂದ. ನನ್ನ ತಗೀತೀರಂದ್ರ ತಗೀರಿ. ಹೆಣ್ಣುಡುಗುರಿಗಿ ಬಾಗಲಾ ಹಾಕಬ್ಯಾಡ್ರಿ. ಹುಡುಗಿ ಹೇಳಬೇಕಾದ್ದು ಹೇಳ್ಯಾಳ. ಕೇಳಬೇಕಾದಾಕಿ ನಾ ಕೇಳಲಿಲ್ಲ."

ಬಾಗಿಲಲ್ಲಿ ನೀಲಮ್ಮ ಗೋಡೆ ಹಿಡಿದು ಎದ್ದಳು. ಎಲ್ಲರ ಮುಂದೆ ನನ್ನ ನೀರಿಳಿಸುತ್ತಾಳೆ ಎಂದುಕೊಂಡೆ, ಇಳಿಸಲಿ ಎಂದೂ ಅಂದುಕೊಂಡೆ.

"ಹುಡುಗಿ ನನ್ ಮುಂದ ಅಂದಿದ್ಲು, ಅಕ್ಕಾರಿಗಿ ಹೇಳೀನಿ ಅಂತ" ಎಂದಳು. "ನಿಮ್ಮನ್ ಕೇಳಿದ್ನಲ್ಲ, ನೀವ್ ಸುಮ್ನಿದ್ರಿ. ಸುಳ್ಳ್ ಹೇಳ್ತಾಳಂತ ನಾನ ಆಕೀನ್ ಬಡದೆ. ಕೂಸು ಖರೇನ ಹೇಳಿತ್ತು." ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇದು ನನಗೆ ಗೊತ್ತಿರಲಿಲ್ಲ. ನೆಲ ಬಾಯಿ ಬಿಡಬಾರದೇ ಎನಿಸಿತು. ಅವಳು ಸ್ವಲ್ಪ ಸುಧಾರಿಸಿಕೊಂಡು, ನನ್ನನ್ನು ನೋಡಿ, ಮನೆಗೆ ಬಂದವರಿಗೆ ಹೇಳುವ ದನಿಯಲ್ಲಿ ಹೇಳಿದಳು:

"ಆತು. ಈಗರ ಹೇಳಿದ್ದ್ ಚಲೋ ಆತ್ ಬಿಡವಾ."

ಹುಬ್ಬಳ್ಳಿಯಿಂದ ರೋಣದ ತನಕ ನಾನು ಹುಡುಕಿ ಸಿಗದೇ ಹೋದ ಮಾತು ಅದು. ಮನೆಗೆ ಯಾರಾದರೂ ಬಂದರೆ ಬಂದದ್ದು ಚಲೋ ಆತು ಎಂದು ದಿನಾ ಹೇಳುತ್ತೇವೆ. ಹೇಳಿದ್ದು ಚಲೋ ಆತು. ನಮ್ಮ ನಾಲಿಗೆಯ ಮೇಲೇ ಇತ್ತು, ನಾನು ಅದನ್ನು ಅಷ್ಟು ದೂರ ಹುಡುಕಿಕೊಂಡು ಹೋಗಿದ್ದೆ.

ಆಮೇಲಿನ ಮಾತು ನನಗೆ ಸುಲಭವಾಯಿತು. ಕಂಪ್ಯೂಟರುಗಳು ಕೋಣೆಯ ನಡುವೆ, ನನ್ನ ಕುರ್ಚಿಯ ಪಕ್ಕ ಇರಬೇಕು ಎಂದೆ. ಪರದೆ ಬೇಡ ಎಂದೆ. "ಮತ್ತ ಗಂಡಸರು ನೋಡ್ತಾರಂತ ನೀವ ಕಟ್ಟಿದ್ರಲ್ಲ?" ಎಂದರು ಶಂಕರಗೌಡರು.

"ನೋಡಾವ್ರನ್ನ ಹೊರಗ ಕೂಡಸೋಣ್ರಿ. ಪೇಪರ್ ಮೇಜು ಕಟ್ಟಿ ಮ್ಯಾಲ ಇರ್ಲಿ. ಗಾಳಿ ಚಲೋ ಬರ್ತೈತಿ."

ಮೇಜಿನ ಸುತ್ತ ಕುಳಿತವರು ಮುಖ ಮುಖ ನೋಡಿಕೊಂಡರು. ಶಂಕರಗೌಡರು ಮೊದಲು ನಕ್ಕರು, ಆಮೇಲೆ ಠರಾವಿನ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ಮೇಜಿನ ಒಂದು ತುದಿಗೆ ತಾವೇ ಕೈ ಹಚ್ಚಿದರು. ನಾನು ಸ್ಟೂಲು ಹತ್ತಿ ಮೂಲೆಯ ಪರದೆ ಬಿಚ್ಚಿದೆ. ಕಪಾಟಿನ ಬೀಗ ತೆಗೆದು ಕಂಪ್ಯೂಟರುಗಳನ್ನು ಕೋಣೆಯ ನಡುವೆ ಇಟ್ಟೆವು. ಫಿಲ್ಟರು ಹಾಕಲು ಮರುದಿನ ಗಜೇಂದ್ರಗಡದಿಂದ ಕಂಪ್ಯೂಟರ್ ರಿಪೇರಿಯವರು ಬಂದರು. ಅದಕ್ಕೆ ಕನ್ನಡ ಕಲಿಸಬೇಕಲ್ಲ, ತಡೆಯಬೇಕಾದ ಮಾತುಗಳನ್ನು ನಾನು ಒಂದೊಂದಾಗಿ ಹೇಳಿದೆ. ಪಾಪ, ಆ ಮನುಷ್ಯ ಬೆವರು ಒರೆಸಿಕೊಳ್ಳುತ್ತಲೇ ಬರೆದುಕೊಂಡ.

ನಾಲ್ಕು ದಿನವಾದರೂ ಗಂಗಾ ಬರಲಿಲ್ಲ. ನಾನೇ ಅವರ ಮನೆಗೆ ಹೋಗಿ, ಅವಳ ಮುಂದೆ ಕುಳಿತು, ತಪ್ಪು ನನ್ನದು ಎಂದು ಹೇಳಿ ಬಂದೆ. ಅವಳು ನನ್ನ ಮುಖ ನೋಡಲಿಲ್ಲ, ಉಗುರು ನೋಡಿಕೊಳ್ಳುತ್ತ ಕುಳಿತಿದ್ದಳು. ಐದನೆಯ ದಿನ ಸಂಜೆ ನೀಲಮ್ಮ ಅವಳನ್ನು ಬಾಗಿಲ ತನಕ ತಂದು ಬಿಟ್ಟು ಹೋದಳು. ಗಂಗಾ ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ ಒಳಗೆ ಬಂದು, ನಡುವಿನ ಕಂಪ್ಯೂಟರಿನ ಮುಂದೆ ಕುಳಿತಳು. ನಾನು ಪುಸ್ತಕಗಳಿಗೆ ನಂಬರು ಬರೆಯುತ್ತಿರುವಂತೆ ನಟಿಸಿದೆ.

ಸ್ವಲ್ಪ ಹೊತ್ತಾಗಿರಬೇಕು.

"ಅಕ್ಕಾರ, ಇಲ್ಲೇನೋ ಬಂದೈತ್ರಿ."

ಜೋರಾಗಿಯೇ ಹೇಳಿದಳು. ಹೊರಗೆ ಕಟ್ಟೆಯ ಮೇಲೆ ಪೇಪರುಗಳು ತಗ್ಗಿದವು, ಕಿಟಕಿಯಲ್ಲಿ ಎರಡು ತಲೆ ಕಂಡವು. ನಾನು ಕುರ್ಚಿಯಿಂದ ಏಳಲಿಲ್ಲ.

"ಹೇಳಿದ್ದ್ ಚಲೋ ಆತ್ ನೋಡವಾ" ಎಂದೆ. ಆಮೇಲೆ ಎದ್ದು ಅವಳ ಪಕ್ಕ ಹೋಗಿ ನಿಂತೆ.

ನಿಮಗೆ ಕಾರು ಬಹುಮಾನ ಬಂದಿದೆ ಎನ್ನುವ ಒಂದು ಜಾಹೀರಾತು, ಅಷ್ಟೇ. ಅದು ಏನೂ ಅಲ್ಲ ಎಂದು ಅವಳಿಗೂ ಗೊತ್ತಿತ್ತು ಅಂತ ನನ್ನ ಗುಮಾನಿ. ಅವಳ ಕಣ್ಣು ಪೂರ್ತಿ ಹೊತ್ತು ನನ್ನ ಮುಖದ ಮೇಲೇ ಇತ್ತು. ಇಬ್ಬರೂ ಸೇರಿ ಅದನ್ನು ಮುಚ್ಚಿದೆವು. ಅವಳು ಮೌಸನ್ನು ತನ್ನ ಕಡೆ ಎಳೆದುಕೊಂಡು, ಅರ್ಧಕ್ಕೆ ಬಿಟ್ಟಿದ್ದ ನವಿಲಿನ ಗರಿಗಳನ್ನು ಬಿಡಿಸತೊಡಗಿದಳು.